ಚೆಂಡಿನ ಗುರಿಯನ್ನು ಅಳೆಯುವ ಬಗೆ

ರೋಣದಲ್ಲಾಗಲಿ ನರಗುಂದದಲ್ಲಾಗಲಿ ಕ್ರಿಕೆಟ್ ನೋಡಲು ಹೋದ ನಾವು ಮೊದಲು ಹುಡುಕುವುದು ಬೇವಿನ ಮರದ ನೆರಳನ್ನು. ನೆರಳು ಸಿಕ್ಕುವುದು ಬಹುಶಃ ಮೈದಾನದ ಪಕ್ಕದಲ್ಲಿ. ಅಲ್ಲಿ ಕುಳಿತು, “ಇವನ ಲೈನು ಸರಿಯಿಲ್ಲ” ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಪಕ್ಕದಲ್ಲಿ ಕುಳಿತವನಿಗೆ ಚೆಂಡು ಎಷ್ಟು ದೂರದಲ್ಲಿ ನೆಲ ಮುಟ್ಟಿತೆಂಬುದು ತಿಳಿದೀತು. ಗೂಟಗಳ ಎಡಕ್ಕೆ ಹೋಯಿತೋ ಬಲಕ್ಕೋ ಎಂಬುದು ತಿಳಿಯದು. ಅದನ್ನು ಕಾಣಬೇಕಾದರೆ ಬೌಲರನ ಬೆನ್ನ ಹಿಂದೆ ನಿಲ್ಲಬೇಕು, ಬಿಸಿಲಿನಲ್ಲಿ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ತಂಡವನ್ನು ಆರಿಸುವಾಗ ಗಜೇಂದ್ರಗಡದ ಕಡೆಯ ಗೆಳೆಯನೊಬ್ಬನನ್ನು ರನ್ನು ಹೆಚ್ಚು ಕೊಡುತ್ತಾನೆಂದು ಬಿಡಿಸಿದವನು ನಾನು. ಸ್ಕೋರು ಪುಸ್ತಕ ನನ್ನ ಕೈಯಲ್ಲಿತ್ತು. ಮುಂದೆ ಅಂಪೈರಾಗಿ ನಿಂತ ಒಂದು ದಿನ ಅವನ ಚೆಂಡುಗಳನ್ನು ಕಂಡೆ. ಆರರಲ್ಲಿ ಐದು ಆಫ್ ಗೂಟದ ನೇರಕ್ಕೇ ಬರುತ್ತಿದ್ದವು. ರನ್ನು ಹೋಗುತ್ತಿದ್ದುದು ಬ್ಯಾಟಿನ ಅಂಚಿಗೆ ತಾಗಿ, ಸ್ಲಿಪ್ಪಿನಲ್ಲಿ ನಾವು ಯಾರನ್ನೂ ನಿಲ್ಲಿಸದೆ ಇದ್ದ ತೆರಪಿನಲ್ಲಿ!

ಗುರಿ ಎಷ್ಟು ಸೂಕ್ಷ್ಮವೆಂಬುದಕ್ಕೆ ಒಂದು ಲೆಕ್ಕ. ಮೂರು ಗೂಟಗಳ ಒಟ್ಟು ಅಗಲ 9 ಅಂಗುಲ. ಚೆಂಡು ಸಾಗುವ ದಾರಿ ಸುಮಾರು 60 ಅಡಿ. ಕೈ ಒಂದೇ ಡಿಗ್ರಿ ತಪ್ಪಿದರೆ ಆ ತುದಿಯಲ್ಲಿ ಚೆಂಡು ಸುಮಾರು ಒಂದು ಅಡಿ ಪಕ್ಕಕ್ಕೆ ಸರಿದಿರುತ್ತದೆ. ಮಧ್ಯದ ಗೂಟಕ್ಕೆ ಗುರಿಯಿಟ್ಟವನ ಚೆಂಡು ಮೂರನ್ನೂ ತಪ್ಪಿಸಿ ಹೋಗಲು ಅಷ್ಟೇ ಸಾಕು.

ಇನ್ನು ಅಂಕಿಗಳ ಮಾತು. ನಮ್ಮ ಗದುಗಿನ ಸುನೀಲ ಜೋಶಿಯವರು 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು 10 ಓವರುಗಳಲ್ಲಿ 6 ರನ್ನಿಗೆ 5 ವಿಕೆಟ್ ಪಡೆದರು. ಇದನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಮರುವರ್ಷ ಢಾಕಾದಲ್ಲಿ, ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟಿನ ಮೊದಲ ಇನ್ನಿಂಗ್ಸಿನಲ್ಲಿ, ಅವರೇ 142 ರನ್ನಿಗೆ 5 ವಿಕೆಟ್ ಪಡೆದುದನ್ನು ಯಾರೂ ನೆನೆಯುವುದಿಲ್ಲ. ಅಂಕಿಗಳಲ್ಲಿ ಇಷ್ಟು ಅಂತರವಿದೆಯೆಂದು ಢಾಕಾದಲ್ಲಿ ಅವರ ಗುರಿ ಕೆಟ್ಟಿತ್ತೆನ್ನಬಹುದೇ? ಒಂದು ದಿನದ ಆಟವೇ ಬೇರೆ. ಟೆಸ್ಟಿನಲ್ಲಿ ಬ್ಯಾಟುಗಾರನಿಗೆ ಅವಸರವಿಲ್ಲ. ಹೊರಗಿನ ಚೆಂಡನ್ನು ಅವನು ದಿನವಿಡೀ ಬಿಟ್ಟುಕೊಡಬಲ್ಲ. ಹಾಗೆ ಬಿಟ್ಟ ಆರು ಚೆಂಡುಗಳೂ ಪುಸ್ತಕದಲ್ಲಿ ‘ಮೇಡನ್’ ಎಂದೇ ದಾಖಲಾಗುತ್ತವೆ. ಆದ್ದರಿಂದ ಎಷ್ಟು ಚೆಂಡುಗಳನ್ನು ಅವನು ಆಡಲೇಬೇಕಾಯಿತು ಎಂದು ಎಣಿಸುವುದೇ ಮೇಲೆಂದು ನನಗನಿಸುತ್ತದೆ.

1999ರ ಫೆಬ್ರವರಿ 7ರಂದು ದಿಲ್ಲಿಯಲ್ಲಿ ಅನಿಲ್ ಕುಂಬ್ಳೆಯವರು ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ರನ್ನಿಗೆ ಕಿತ್ತರು. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಬೇಕೆಂದೇ ಆಫ್ ಗೂಟದ ಹೊರಗೆ ದೂರದೂರ ಎಸೆದರು, ಹತ್ತನೆಯದೂ ಗೆಳೆಯನಿಗೇ ಸಿಗಲೆಂದು. ಅದೂ ಗುರಿಯೇ ತಾನೆ? ಪುಸ್ತಕದಲ್ಲಿ ಮಾತ್ರ ಅದು ಕೆಟ್ಟ ಲೈನು.

ದೂರದರ್ಶನದಲ್ಲಿ 2001ರಿಂದ ಹಾಕ್-ಐ ಯಂತ್ರ ಚೆಂಡಿನ ಜಾಡನ್ನು ಗೆರೆಯೆಳೆದು ತೋರಿಸುತ್ತಿದೆ. ನಮ್ಮ ಮೈದಾನಕ್ಕೆ ಅದು ಬರುವಂತಿಲ್ಲ. ನಾನು ಒಂದು ನೋಟುಬುಕ್ಕಿನಲ್ಲಿ ‘ಆಡಿಸಿದ್ದು’, ‘ಬಿಟ್ಟದ್ದು’ ಎಂದು ಎರಡು ಸಾಲು ಗೀಚಿಕೊಂಡು ಬೌಲರನ ಹಿಂದೆ ನಿಲ್ಲುತ್ತೇನೆ. ಆ ಗಜೇಂದ್ರಗಡದ ಗೆಳೆಯ ಈಗ ಅಭ್ಯಾಸಕ್ಕೂ ಬರುತ್ತಿಲ್ಲ. ಎರಡು ಸಲ ಅವನ ಕೋಣೆಗೆ ಹೋಗಿ ಕರೆದು ಬಂದಿದ್ದೇನೆ.