ಸಿಟಿ ಸ್ಕ್ಯಾನ್ ಕಲಿಯುವ ಮಕ್ಕಳು: ಶುಲ್ಕ ಕಟ್ಟುವ ಮೊದಲು ಆಸ್ಪತ್ರೆ ಯಾವುದೆಂದು ಕೇಳಿ

ಮುಂಬಯಿ: ಹನ್ನೆರಡನೇ ತರಗತಿಯ ಫಲಿತಾಂಶ ಬಂತೆಂದರೆ ನಮ್ಮ ಸಂಘ-ಸಂಸ್ಥೆಗಳ ಕಚೇರಿಗಳಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳು ರಾಶಿ ಬೀಳುತ್ತವೆ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹಿರಿಯರ ಮಕ್ಕಳು, ಮೊಮ್ಮಕ್ಕಳ ಅರ್ಜಿಗಳೂ ಅದರಲ್ಲಿರುತ್ತವೆ. ಎಂಜಿನಿಯರಿಂಗ್, ಬಿ.ಕಾಂ.ಗಳ ನಡುವೆ ಈಗ ಸಿಟಿ ಸ್ಕ್ಯಾನ್ ತಂತ್ರಜ್ಞರ ಕೋರ್ಸಿನ ಹೆಸರೂ ಕಾಣತೊಡಗಿದೆ. 2021ರ ಕೊರೋನಾ ಎರಡನೇ ಅಲೆಯಲ್ಲಿ ಎಚ್‌ಆರ್‌ಸಿಟಿ ಎಂಬ ಪದ ಮನೆಮನೆಗೂ ತಲುಪಿದ ಬಳಿಕ ಹೆತ್ತವರಿಗೂ ಈ ಯಂತ್ರದ ಪರಿಚಯವಾಗಿದೆ. ವೈದ್ಯಕೀಯ ಪದವಿಗೆ ಅಂಕ ಅಥವಾ ಹಣ ಸಾಲದ ಮಕ್ಕಳಿಗೆ ಇದೊಂದು ಗೌರವದ ದಾರಿ ಎನ್ನಲಡ್ಡಿಯಿಲ್ಲ.

ಆದರೆ ದಾರಿ ತಪ್ಪುವುದೂ ಇಲ್ಲಿಯೇ. ನಾನು ಸದಸ್ಯನಾಗಿರುವ ವಿದ್ಯಾರ್ಥಿವೇತನ ಸಮಿತಿಗೆ ಒಬ್ಬ ಯುವಕ ಎರಡನೇ ಬಾರಿ ಅರ್ಜಿ ಹಾಕಿದ್ದ. ಒಂದು ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಕೈಯಲ್ಲಿದ್ದರೂ ಮತ್ತೇಕೆ ಸಹಾಯ ಎಂದು ವಿಚಾರಿಸಿದಾಗ ನಿಜ ಹೊರಬಿತ್ತು. ಆರು ತಿಂಗಳ ಆ ಕೋರ್ಸಿನಲ್ಲಿ ಆತ ಗಾಜಿನ ಆಚೆ ನಿಂತು ಸ್ಕ್ಯಾನ್ ನೋಡಿದ್ದನೇ ಹೊರತು ಒಬ್ಬ ರೋಗಿಯನ್ನೂ ತಾನಾಗಿ ಮೇಜಿನ ಮೇಲೆ ಮಲಗಿಸಿರಲಿಲ್ಲ. ಸಂದರ್ಶನಕ್ಕೆ ಹೋದಲ್ಲೆಲ್ಲ ಎಷ್ಟು ಸ್ಕ್ಯಾನ್ ಮಾಡಿದ್ದೀ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಹಿಂದಿರುಗಿದ್ದ. ತಂದೆ ಚೀಟಿ ಎತ್ತಿ ಕಟ್ಟಿದ ಹಣ ಹೋಗಿತ್ತು, ಜೊತೆಗೆ ಸಂಘ ಕೊಟ್ಟದ್ದೂ ಹೋಗಿತ್ತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಸಿಟಿ ಚಿತ್ರ ತೆಗೆಯಲಾಯಿತು. ಅದನ್ನು ರೂಪಿಸಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರಿಗೆ ಅಲನ್ ಕಾರ್ಮ್ಯಾಕ್ ಜೊತೆ 1979ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಂದಿನ ಯಂತ್ರ ಕೆಲವೇ ಸೆಕೆಂಡುಗಳಲ್ಲಿ ಎದೆ, ಹೊಟ್ಟೆಗಳ ಚಿತ್ರ ಕೊಡುತ್ತದೆ. ಗುಂಡಿ ಒತ್ತಿದರೆ ಆಯಿತಲ್ಲ, ಕಲಿಯಲು ಏನಿದೆ ಎಂದು ಹಲವರು ಭಾವಿಸಲು ಈ ವೇಗವೇ ಕಾರಣ. ವಾಸ್ತವದಲ್ಲಿ ಗುಂಡಿ ಒತ್ತುವ ಮುಂಚಿನ ಹತ್ತು ನಿಮಿಷವೇ ಇಡೀ ವಿದ್ಯೆ. ಆ ಹತ್ತು ನಿಮಿಷವನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲ.

ದಿನ ಆರಂಭವಾಗುವುದು ಯಂತ್ರದ ತಪಾಸಣೆಯಿಂದ. ಎಕ್ಸ್‌ರೇ ಟ್ಯೂಬನ್ನು ಬೆಚ್ಚಗೆ ಮಾಡಿ, ನೀರು ತುಂಬಿದ ಫ್ಯಾಂಟಮ್ ಇಟ್ಟು ಅಳತೆ ನೋಡುತ್ತಾರೆ. ಹೌನ್ಸ್‌ಫೀಲ್ಡ್ ಮಾಪನದಲ್ಲಿ ನೀರು ಸೊನ್ನೆ, ಗಾಳಿ ಮೈನಸ್ 1000. ಇದು ತಪ್ಪಿದರೆ ಅಂದಿನ ವರದಿಗಳ ಮೇಲೆ ಭರವಸೆ ಇಡುವಂತಿಲ್ಲ.

ಬಳಿಕ ರೋಗಿ. ಹೆಸರು, ವಯಸ್ಸು, ವೈದ್ಯರ ಚೀಟಿ ತಾಳೆ ನೋಡಬೇಕು. ಹೆಂಗಸರಲ್ಲಿ ಗರ್ಭಿಣಿಯೇ ಎಂದು ಸೌಜನ್ಯದಿಂದ ಕೇಳಬೇಕು. ಸ್ಕ್ಯಾನ್ ಮಾಡುವ ಭಾಗದಲ್ಲಿ ಲೋಹವಿದ್ದರೆ ಚಿತ್ರದಲ್ಲಿ ಗೆರೆಗಳು ಮೂಡುತ್ತವೆ. ಆದ್ದರಿಂದ ಸರ, ಕಿವಿಯೋಲೆ, ಹೇರ್‌ಪಿನ್, ಕೃತಕ ಹಲ್ಲಿನ ಸೆಟ್ಟು ತೆಗೆಸಬೇಕು. ಕರಿಮಣಿ ತೆಗೆಯಲು ಹಿಂಜರಿಯುವ ಅಜ್ಜಿಗೆ ಕಾರಣ ತಿಳಿಸಿ, ಅದನ್ನು ಅವರ ಮಗಳ ಕೈಗೇ ಕೊಡಿಸುವುದೂ ತರಬೇತಿಯ ಪಾಠವೇ. ರೋಗಿಯ ದೇಹ ಯಂತ್ರದ ಸುತ್ತಿನ ನಟ್ಟನಡುವೆ ಬರುವಂತೆ ಮೇಜಿನ ಎತ್ತರ ಹೊಂದಿಸಬೇಕು. ಮೇಲೆ ಕೆಳಗಾದರೆ ಚಿತ್ರ ಕೆಡುತ್ತದೆ, ವಿಕಿರಣದ ಪ್ರಮಾಣವೂ ಏರುಪೇರಾಗುತ್ತದೆ. ಎದೆ, ಹೊಟ್ಟೆಯ ಸ್ಕ್ಯಾನಿಗೆ ಉಸಿರು ಹಿಡಿಸಬೇಕು. ನಮ್ಮ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ ಕಲಿತ ಹುಡುಗಿ "ಉಸಿರು ಎಳೆದು ಹಿಡಿದುಕೊಳ್ಳಿ" ಎಂಬುದನ್ನು ರೋಗಿಯ ಭಾಷೆಯಲ್ಲೇ ಹೇಳಬಲ್ಲಳು. ಅರ್ಥವಾಗದೆ ರೋಗಿ ಉಸಿರಾಡಿದರೆ ಮತ್ತೊಮ್ಮೆ ಸ್ಕ್ಯಾನ್, ಮತ್ತೊಮ್ಮೆ ವಿಕಿರಣ.

ಎದೆಯ ಸಾಮಾನ್ಯ ಎಕ್ಸ್‌ರೇಯಲ್ಲಿ ದೇಹಕ್ಕೆ ತಗಲುವ ವಿಕಿರಣ 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ಹೊಟ್ಟೆಯ ಸಿಟಿಯಲ್ಲಿ ಅದು ಸುಮಾರು 8. ಅಗತ್ಯವಿದ್ದಾಗ ಸಿಟಿಯಿಂದ ಆಗುವ ಲಾಭ ಈ ಅಪಾಯಕ್ಕಿಂತ ಬಹಳ ದೊಡ್ಡದು, ಹೆದರುವ ಕಾರಣವಿಲ್ಲ. ಆದರೆ ಮಗುವಿಗೆ ದೊಡ್ಡವರ ಸೆಟ್ಟಿಂಗ್ ಇಟ್ಟರೆ ಅನಗತ್ಯ ವಿಕಿರಣ ಬೀಳುತ್ತದೆ. ಸ್ಕ್ಯಾನಿಗೆ ಮೊದಲೇ ಪರದೆಯ ಮೇಲೆ ಕಾಣುವ ಪ್ರಮಾಣದ ಅಂಕಿಗಳನ್ನು ಓದುವುದು ಹಿರಿಯರ ಪಕ್ಕ ಕುಳಿತು ಬರಬೇಕಾದ ಅಭ್ಯಾಸ.

ಇನ್ನೊಂದು, ಕಾಂಟ್ರಾಸ್ಟ್ ಎಂಬ ಅಯೋಡಿನ್‌ಯುಕ್ತ ಔಷಧಿ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿ, ಹಿಂದೆ ಅಲರ್ಜಿ ಆದದ್ದು, ಆಸ್ತಮಾ, ಮಧುಮೇಹಕ್ಕೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ಇವನ್ನೆಲ್ಲ ವಿಚಾರಿಸಿ ವೈದ್ಯರಿಗೆ ತಿಳಿಸಬೇಕು. ನಿರ್ಧಾರ ವೈದ್ಯರದ್ದು, ಕೇಳಿ ತಿಳಿಯುವ ಹೊಣೆ ತಂತ್ರಜ್ಞರದ್ದು. ಇಂಜೆಕ್ಟರ್ ಯಂತ್ರ ಈ ಔಷಧಿಯನ್ನು ಸೆಕೆಂಡಿಗೆ ಹಲವು ಮಿಲಿಲೀಟರ್ ವೇಗದಲ್ಲಿ ರಕ್ತನಾಳಕ್ಕೆ ನೂಕುತ್ತದೆ. ಸೂಜಿ ಸರಿದರೆ ಕೈ ಬಾತುಕೊಳ್ಳುತ್ತದೆ. ಅಪರೂಪಕ್ಕೆ ಉಸಿರುಕಟ್ಟುವಂತಹ ಅಲರ್ಜಿಯೂ ಆಗಬಹುದು. ಆ ಕ್ಷಣದಲ್ಲಿ ಏನು ಮಾಡಬೇಕೆಂಬುದನ್ನು ಕಣ್ಣಾರೆ ಕಂಡವನಿಗೆ ಮಾತ್ರ ಕೈ ನಡುಗುವುದಿಲ್ಲ. ರಾತ್ರಿ ಪಾಳಿಯಲ್ಲಿ ಪಾರ್ಶ್ವವಾಯು ಬಡಿದ ರೋಗಿ ಬಂದರೆ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮಿದುಳಿನಲ್ಲಿ ರಕ್ತಸ್ರಾವವಿಲ್ಲ ಎಂದು ಸಿಟಿಯಲ್ಲಿ ಖಚಿತವಾಗದೆ ಅದನ್ನು ಕೊಡುವಂತಿಲ್ಲ. ಅಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ.

ಆದ್ದರಿಂದಲೇ ಒಳ್ಳೆಯ ತರಬೇತಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಮೊದಲು ನೋಡುವುದು, ನಂತರ ಹಿರಿಯರಿಗೆ ಕೈಜೋಡಿಸುವುದು, ಬಳಿಕ ಹಿರಿಯರು ಪಕ್ಕದಲ್ಲಿರುವಾಗ ತಾನೇ ಮಾಡುವುದು. ಮಾಡಿದ ಪ್ರತಿ ಸ್ಕ್ಯಾನೂ ಲಾಗ್‌ಬುಕ್‌ನಲ್ಲಿ ದಾಖಲಾಗಿ ಹಿರಿಯರ ಸಹಿ ಬೀಳಬೇಕು. ಅಮೆರಿಕದ ನೋಂದಣಿ ಸಂಸ್ಥೆ ಎಆರ್‌ಆರ್‌ಟಿಯ ಸಿಟಿ ಪರೀಕ್ಷೆಗೂ ಇಂತಹ ಅನುಭವದ ದಾಖಲೆ ಬೇಕು.

ನಮ್ಮ ದೇಶದಲ್ಲೂ ನಿಯಮಗಳಿವೆ. ವಿಕಿರಣ ಸುರಕ್ಷತೆಯ ಮೇಲ್ವಿಚಾರಣೆ ನಡೆಸುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಇದೇ ಮುಂಬಯಿಯ ಅಣುಶಕ್ತಿನಗರದಲ್ಲಿದೆ. 1983ರಲ್ಲಿ ಸ್ಥಾಪನೆಯಾದ ಈ ಮಂಡಳಿಯ ಪ್ರಕಾರ ಎಕ್ಸ್‌ರೇ ತಂತ್ರಜ್ಞರ ಕೋರ್ಸಿನಲ್ಲಿ ಯಂತ್ರದ ಬಳಿಯ ತರಬೇತಿ ಸೇರಿರಲೇಬೇಕು. ಸಿಬ್ಬಂದಿಗೆ ತಗಲುವ ವಿಕಿರಣ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು. ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಇದನ್ನು ಅಳೆಯಲೆಂದೇ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಧರಿಸುತ್ತಾರೆ. ಸೀಸದ ಏಪ್ರನ್ ತೊಟ್ಟರೆ ಬ್ಯಾಡ್ಜ್ ಅದರ ಒಳಗಿರಬೇಕು. ಅಂತೆಯೇ 2021ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಸಹವರ್ತಿ ಆರೋಗ್ಯ ವೃತ್ತಿಗಳ ಆಯೋಗದ ಕಾಯಿದೆಯ ಪಟ್ಟಿಯಲ್ಲಿ ರೇಡಿಯಾಲಜಿ ತಂತ್ರಜ್ಞರೂ ಇದ್ದಾರೆ. ಸಹವರ್ತಿ ಆರೋಗ್ಯ ವೃತ್ತಿಪರ ಎನಿಸಿಕೊಳ್ಳಲು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿದ, 2000 ಗಂಟೆಗಳಿಗೆ ಕಡಿಮೆಯಿಲ್ಲದ ಡಿಪ್ಲೊಮಾ ಅಥವಾ ಪದವಿ ಬೇಕೆಂದು ಅದು ಹೇಳುತ್ತದೆ. ಆರು ತಿಂಗಳ ಸರ್ಟಿಫಿಕೇಟಿಗೆ ಅಲ್ಲಿ ಜಾಗವಿಲ್ಲ.

ಹೆತ್ತವರು ಪ್ರವೇಶದ ಮೊದಲು ಐದು ವಿಷಯಗಳನ್ನು ಕೇಳಿ ತಿಳಿಯುವುದು ಒಳಿತು. ಕೋರ್ಸ್ ಎಷ್ಟು ವರ್ಷದ್ದು, ಮಾನ್ಯತೆ ಯಾರದ್ದು? ತರಬೇತಿ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ಸಿಟಿ ಯಂತ್ರ ಇದೆಯೇ? ಒಂದು ಯಂತ್ರಕ್ಕೆ ಎಷ್ಟು ವಿದ್ಯಾರ್ಥಿಗಳು? ಲಾಗ್‌ಬುಕ್‌ಗೆ ಸಹಿ ಹಾಕುವವರು ಯಾರು? ವಿದ್ಯಾರ್ಥಿಗೆ ಟಿಎಲ್‌ಡಿ ಬ್ಯಾಡ್ಜ್ ಕೊಡುತ್ತಾರೆಯೇ? ಇವಕ್ಕೆ ನೇರ ಉತ್ತರ ಕೊಡದ ಸಂಸ್ಥೆಗೆ ಹಣ ಕಟ್ಟಬೇಡಿ. ಸಾಧ್ಯವಾದರೆ ಅಲ್ಲಿ ಈಗ ಕಲಿಯುತ್ತಿರುವ ಮಕ್ಕಳನ್ನೇ ಮಾತನಾಡಿಸಿ.

ಸಂಘ-ಸಂಸ್ಥೆಗಳಿಗೂ ಇದರಲ್ಲಿ ಪಾಲಿದೆ. ಅಂಕಪಟ್ಟಿ, ಆದಾಯದ ದಾಖಲೆ ನೋಡಿ ಚೆಕ್ ವಿತರಿಸಿ ಭಾವಚಿತ್ರ ತೆಗೆಸಿಕೊಂಡರೆ ಮುಗಿಯಲಿಲ್ಲ. ನಮ್ಮ ಸಮಿತಿ ಆ ಯುವಕನ ಪ್ರಸಂಗದ ಬಳಿಕ ಒಂದು ಸಣ್ಣ ಬದಲಾವಣೆ ಮಾಡಿಕೊಂಡಿದೆ. ಇಂತಹ ಕೋರ್ಸುಗಳಿಗೆ ವೇತನವನ್ನು ಎರಡು ಕಂತಿನಲ್ಲಿ ಕೊಡುತ್ತೇವೆ. ಎರಡನೇ ಕಂತಿಗೆ ಲಾಗ್‌ಬುಕ್ ತೋರಿಸಬೇಕು. ಆ ಯುವಕ ಈಗ ಎರಡು ವರ್ಷದ ಡಿಪ್ಲೊಮಾ ಸೇರಿದ್ದಾನೆ. ಕಳೆದ ಸಲ ತಂದ ಪುಸ್ತಕದಲ್ಲಿ ಆತ ತಾನೇ ಮಾಡಿದ ಸ್ಕ್ಯಾನುಗಳು ಮೂರು ಪುಟ ತುಂಬಿದ್ದವು. ಪ್ರತಿಯೊಂದು ಸಾಲಿನ ಮುಂದೆಯೂ ಹಿರಿಯ ತಂತ್ರಜ್ಞರ ಸಹಿ ಇತ್ತು. ಎರಡನೇ ಕಂತಿನ ಚೆಕ್ಕನ್ನು ಅಂದೇ ಕೊಟ್ಟೆವು.