ಶಾಲೆ ತೆರೆಯಬೇಕಿತ್ತೇ? ಮುಗಿಯದೇ ಉಳಿದ ಒಂದು ವಾದ

ಕೋವಿಡ್ ಕಾಲದಲ್ಲಿ ನಾವು ಮಾಡಿದಷ್ಟು ವಾದಗಳನ್ನು ಬೇರೆ ಯಾವಾಗಲೂ ಮಾಡಿರಲಿಕ್ಕಿಲ್ಲ. ತರಕಾರಿಯನ್ನು ಸೋಪಿನ ನೀರಲ್ಲಿ ತೊಳೆಯಬೇಕೋ ಬೇಡವೋ, ಪೇಪರ್ ತರಿಸಬೇಕೋ ನಿಲ್ಲಿಸಬೇಕೋ, ಕಷಾಯಕ್ಕೆ ಮೆಣಸು ಹೆಚ್ಚಿರಬೇಕೋ ಶುಂಠಿಯೋ! ಅವುಗಳಲ್ಲಿ ಹೆಚ್ಚಿನವನ್ನು ನೆನೆದರೆ ಈಗ ನಗು ಬರುತ್ತದೆ. ಒಂದು ವಾದ ಮಾತ್ರ ಯಾರೂ ಗೆಲ್ಲದೆ, ಯಾರೂ ಸೋಲದೆ, ಶಾಲೆಗಳ ಬಾಗಿಲು ತೆರೆದ ದಿನ ಅರ್ಧಕ್ಕೇ ನಿಂತುಹೋಯಿತು. ಶಾಲೆಗಳನ್ನು ಅಷ್ಟು ದಿನ ಮುಚ್ಚಬೇಕಿತ್ತೇ? ಮನೆಯಿಂದಲೇ ಪಾಠ ಎಂಬುದು ಸಾಕಾಗಿತ್ತೇ?

ಪುಣೆಯ ನಮ್ಮ ಕನ್ನಡಿಗರ ಬಳಗದಲ್ಲಿ ಆಗ ಎರಡು ಪಕ್ಷಗಳಿದ್ದವು. ಒಂದು ಪಕ್ಷದವರು "ಜೀವ ಇದ್ದರೆ ತಾನೇ ವಿದ್ಯೆ" ಎನ್ನುತ್ತಿದ್ದರು. ಇನ್ನೊಂದು ಪಕ್ಷದವರು "ಮಾಲ್ ತೆರೆದಿದೆ, ಮದುವೆ ನಡೆಯುತ್ತಿದೆ, ಶಾಲೆ ಮಾತ್ರ ಯಾಕೆ ಬಂದ್?" ಎಂದು ಕೇಳುತ್ತಿದ್ದರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಅದಕ್ಕೇ ಆ ವಾದವನ್ನು ಮತ್ತೆ ತೆಗೆಯುತ್ತಿದ್ದೇನೆ, ಈ ಸಲ ಸ್ವಲ್ಪ ಸಮಾಧಾನದಿಂದ.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ್ದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ವೈರಸ್ ಹೊಸದು. ಸಾಮಾನ್ಯ ಫ್ಲೂ ಜ್ವರ ಬಂದಾಗ ಅದನ್ನು ಮನೆಮನೆಗೆ ಹಂಚುವವರು ಮಕ್ಕಳೇ, ಹಾಗಾಗಿ ಇದೂ ಹಾಗೆಯೇ ಇರಬಹುದು ಎಂಬ ಲೆಕ್ಕಾಚಾರ ಸಹಜವಾಗಿತ್ತು. ನಮ್ಮ ದೇಶವೊಂದರಲ್ಲೇ ಸುಮಾರು 15 ಲಕ್ಷ ಶಾಲೆಗಳು ಮುಚ್ಚಿ, ಹತ್ತಿರ ಹತ್ತಿರ 25 ಕೋಟಿ ಮಕ್ಕಳು ಮನೆಯಲ್ಲಿ ಕೂತರು. ಕೆಲವು ವಾರಗಳ ಮಾತು ಎಂದುಕೊಂಡಿದ್ದೆವು.

ನನ್ನ ಮಗಳು ಆ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದಳು. ಸೇರಿದಳು ಎಂದರೆ, ನನ್ನ ಹಳೆಯ ಲ್ಯಾಪ್‌ಟಾಪ್‌ನ ಮುಂದೆ ಯೂನಿಫಾರ್ಮ್ ಹಾಕಿಕೊಂಡು ಕೂತಳು. ನಮ್ಮದು ಐಟಿ ಮನೆ, ವೈಫೈಗೆ ಕೊರತೆಯಿಲ್ಲ, ಕರೆಂಟ್ ಹೋದರೆ ಇನ್ವರ್ಟರ್ ಇದೆ. ನಾನು ಒಂದು ಕೋಣೆಯಲ್ಲಿ ಕ್ಲೈಂಟ್ ಕಾಲ್‌ನಲ್ಲಿದ್ದರೆ ಅವಳು ಹಾಲ್‌ನಲ್ಲಿ ಅಜ್ಜಿಯ ಪಕ್ಕ ಕೂತು "ಮಿಸ್, ಯುವರ್ ವಾಯ್ಸ್ ಈಸ್ ಬ್ರೇಕಿಂಗ್" ಎನ್ನುತ್ತಿದ್ದಳು. ಓದಲು ಕಲಿತಳು, ಕೂಡುವುದು ಕಳೆಯುವುದು ಕಲಿತಳು. ಅದಕ್ಕೆ ಅವಳ ಪಕ್ಕ ಒಬ್ಬ ದೊಡ್ಡವರು ಸದಾ ಕೂತಿರಬೇಕಿತ್ತು. ನಮ್ಮ ಅತ್ತೆಯವರು ನಿವೃತ್ತ ಶಿಕ್ಷಕಿ, ಹಾಗಾಗಿ ನಡೆಯಿತು. ಆನ್‌ಲೈನ್ ಪಾಠ ನಮ್ಮ ಮನೆಯಲ್ಲಿ ಗೆದ್ದಿತು ಎಂದು ಯಾರಾದರೂ ಹೇಳಿದರೆ, ಗೆದ್ದದ್ದು ಆನ್‌ಲೈನ್ ಅಲ್ಲ, ಅಜ್ಜಿ.

ಕರ್ನಾಟಕದಲ್ಲಿ ಇದೇ ವಿಷಯ ಕೋರ್ಟಿನ ಮೆಟ್ಟಿಲೇರಿತು. 2020ರ ಜೂನ್‌ನಲ್ಲಿ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ನಡೆಸಬಾರದು ಎಂದು ಆದೇಶಿಸಿತು. ಎಳೆಯ ಕಣ್ಣಿಗೆ ಅಷ್ಟು ಹೊತ್ತು ಸ್ಕ್ರೀನ್ ಒಳ್ಳೆಯದಲ್ಲ, ಬಡವರ ಮಕ್ಕಳಿಗೆ ಇದು ಎಟುಕುವುದೂ ಇಲ್ಲ ಎಂಬುದು ಕಾರಣ. ಕೆಲವು ಪಾಲಕರು ಪ್ರಶ್ನಿಸಿದರು. ಜುಲೈ 8ರಂದು ಹೈಕೋರ್ಟ್ ಆ ನಿಷೇಧಕ್ಕೆ ತಡೆ ಕೊಟ್ಟಿತು. ಸಂವಿಧಾನದ 21 ಮತ್ತು 21ಎ ವಿಧಿಗಳು ಕೊಟ್ಟಿರುವ ಹಕ್ಕಿಗೆ ಇದು ಮೇಲ್ನೋಟಕ್ಕೇ ವಿರುದ್ಧವಾಗಿದೆ ಎಂದಿತು. ಶಾಲೆಯೂ ಇಲ್ಲ, ಆನ್‌ಲೈನೂ ಇಲ್ಲ ಎಂದರೆ ಮಗು ಕಲಿಯುವುದೆಲ್ಲಿ? ಅದೇ ವೇಳೆ ಅದೇ ರಾಜ್ಯ ಸುಮಾರು ಎಂಟೂವರೆ ಲಕ್ಷ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಅಂತರ ಕಾಯ್ದುಕೊಂಡು ನಡೆಸಿ ಮುಗಿಸಿತ್ತು ಎಂಬುದನ್ನೂ ನೆನಪಿಡಬೇಕು.

ನನ್ನ ಅಕ್ಕ ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಒಂದು ರಾತ್ರಿ ಫೋನಿನಲ್ಲಿ ನಾನು ಮಗಳ ಸ್ಕ್ರೀನ್ ಟೈಮ್ ಬಗ್ಗೆ ಗೋಳು ತೋಡಿಕೊಂಡಾಗ ಆಕೆ ನಕ್ಕಳು. "ನಿಮ್ಮ ಹುಡುಗ್ರಿಗೆ ಸ್ಕ್ರೀನ್ ಭಾಳ ಆತು ಅಂತ ಚಿಂತಿ, ನಮ್ಮ ಹುಡುಗ್ರಿಗೆ ಸ್ಕ್ರೀನೇ ಇಲ್ಲಂತ ಚಿಂತಿ" ಎಂದಳು.

ಆ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯಿತು. ಮಕ್ಕಳು ಶಾಲೆಗೆ ಬರುವ ಬದಲು ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗುವುದು. ಗುಡಿಯ ಕಟ್ಟೆ, ಬೇವಿನ ಮರದ ನೆರಳು, ಯಾರದೋ ಮನೆಯ ಪಡಸಾಲೆ. ಸಣ್ಣ ಸಣ್ಣ ಗುಂಪು, ಮುಖಕ್ಕೆ ಮಾಸ್ಕ್. ಅಕ್ಕನಿಗೆ ಅದರಲ್ಲಿ ದಣಿವೂ ಇತ್ತು, ಖುಷಿಯೂ ಇತ್ತು. ಅಕ್ಟೋಬರ್ ಹೊತ್ತಿಗೆ ಕೆಲವೆಡೆ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಬಂದು ಯೋಜನೆ ನಿಂತಿತು. ಚಂದನ ವಾಹಿನಿಯ ಪಾಠ ಉಳಿಯಿತು, ಅದು ಟಿವಿ ಇದ್ದವರಿಗೆ. ಬಿಸಿಯೂಟದ ಬದಲು ಅಕ್ಕಿ, ಬೇಳೆ ಹಂಚಿದರು. "ಅಕ್ಕಿ ಮನೀ ಮಂದಿಗೆಲ್ಲ ಹಂಚಿ ಹೋಕ್ಕತಿ, ಕೂಸಿಗೆ ಅಂತ ಉಳಿಯೂದಿಲ್ಲ" ಎಂದಿದ್ದಳು ಅಕ್ಕ.

ಶಿಕ್ಷಕರ ಭಯವನ್ನು ಮಾತ್ರ ಹಗುರವಾಗಿ ಕಾಣಬಾರದು. "ಸಂಬಳ ತಗೊಂಡು ಮನೇಲಿ ಕೂತಿದ್ದಾರೆ" ಎಂದು ನಮ್ಮ ಬಳಗದಲ್ಲೂ ಕೆಲವರು ಅಂದರು. ಅಕ್ಕ ಕೋವಿಡ್ ಸಮೀಕ್ಷೆಗೆಂದು ಮನೆಮನೆ ತಿರುಗಿದವಳು. 2021ರ ಎರಡನೇ ಅಲೆಯ ವೇಳೆ ಉತ್ತರ ಪ್ರದೇಶದಲ್ಲಿ ಪಂಚಾಯತಿ ಚುನಾವಣೆಯ ಕೆಲಸಕ್ಕೆ ಹೋಗಿ ತೀರಿಕೊಂಡವರೆಂದು ಅಲ್ಲಿನ ಶಿಕ್ಷಕರ ಸಂಘ 1,621 ಹೆಸರುಗಳ ಪಟ್ಟಿ ಕೊಟ್ಟಿತು. ಚುನಾವಣೆಗೆ ಶಿಕ್ಷಕರು ಬೇಕು, ಸಮೀಕ್ಷೆಗೆ ಬೇಕು. ಲಸಿಕೆಯ ಸಾಲಿನಲ್ಲಿ ಮಾತ್ರ ಅವರನ್ನು ಮುಂದೆ ನಿಲ್ಲಿಸಬೇಕೆಂದು ಬೇಗ ಹೊಳೆಯಲಿಲ್ಲ. ಶಾಲೆ ತೆರೆಯಿರಿ ಎನ್ನುವವರು ಮೊದಲು ಕೇಳಬೇಕಿದ್ದದ್ದು ಅದನ್ನೇ.

ನಮ್ಮ ಸೊಸೈಟಿಯ ಹಿಂದೆ ಕಟ್ಟಡ ಕಾರ್ಮಿಕರ ತಗಡಿನ ಶೆಡ್‌ಗಳಿದ್ದವು. ಪುಣೆಯಲ್ಲಿ ಕನ್ನಡಿಗರೆಂದರೆ ಹಿಂಜೆವಾಡಿಯ ಟೆಕ್ಕಿಗಳಷ್ಟೇ ಅಲ್ಲವಲ್ಲ. ನಾವು ಕೆಲಸ ಮಾಡುವ ಕಟ್ಟಡಗಳನ್ನು ಕಟ್ಟಿದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು ಎಷ್ಟೋ ಮಂದಿ. ನಮ್ಮ ಮನೆಗೆಲಸಕ್ಕೆ ಬರುವಾಕೆಯೂ ಯಾದಗಿರಿ ಕಡೆಯವರು. ಲಾಕ್‌ಡೌನ್‌ನಲ್ಲಿ ಊರಿಗೆ ಹೋಗಿ ಆರು ತಿಂಗಳ ಮೇಲೆ ವಾಪಸಾಗಿದ್ದರು. ಕಿರಿಯ ಮಗ ನನ್ನ ಮಗಳದೇ ವಯಸ್ಸಿನವನು, ಹಿರಿಯವನು ಏಳನೇ ತರಗತಿ. ಆನ್‌ಲೈನ್ ಕ್ಲಾಸ್ ಬಗ್ಗೆ ಕೇಳಿದೆ. "ಫೋನು ಅವರಪ್ಪನ ಕಿಸೇದಾಗ ಇರ್ತದ್ರಿ ಅಕ್ಕಾ. ಅಂವ ಬರೋದು ರಾತ್ರಿ ಎಂಟಕ್ಕ. ಆವಾಗ ಯಾವ ಟೀಚರ್ ಕೂಡ್ತಾರ್ರಿ?" ಎಂದರು. ಮೇಲಾಗಿ ಪುಣೆಯ ಶಾಲೆ ಹುಡುಗರ ಹೆಸರು ಊರಿನಲ್ಲಿದೆ ಎಂದುಕೊಂಡಿತ್ತು, ಊರಿನ ಶಾಲೆ ಪುಣೆಯಲ್ಲಿದೆ ಎಂದುಕೊಂಡಿತ್ತು.

ಇದು ಒಂದು ಮನೆಯ ಕತೆಯಷ್ಟೇ ಅಲ್ಲ. ಅಸರ್ ಸಮೀಕ್ಷೆಯ ಪ್ರಕಾರ 2018ರಲ್ಲಿ ಹಳ್ಳಿಯ ಮಕ್ಕಳಲ್ಲಿ ಶೇ. 36.5ರಷ್ಟು ಜನರ ಮನೆಯಲ್ಲಿದ್ದ ಸ್ಮಾರ್ಟ್‌ಫೋನ್ 2021ಕ್ಕೆ ಶೇ. 67.6ಕ್ಕೆ ಏರಿತು. ಕೇಳಲು ಚೆನ್ನಾಗಿದೆ. ಆದರೆ ಫೋನ್ ಇದ್ದ ಮನೆಗಳ ಮಕ್ಕಳಲ್ಲೇ ನಾಲ್ವರಲ್ಲೊಬ್ಬರ ಕೈಗೆ ಅದು ಸಿಗುತ್ತಲೇ ಇರಲಿಲ್ಲ. ಅದೇ 2021ರ ಆಗಸ್ಟ್‌ನಲ್ಲಿ ಜಾನ್ ಡ್ರೀಜ್, ರೀತಿಕಾ ಖೇರಾ ಮುಂತಾದವರು 15 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಮಕ್ಕಳನ್ನು ಮಾತಾಡಿಸಿದರು. ಹಳ್ಳಿಗಳಲ್ಲಿ ನಿಯಮಿತವಾಗಿ ಆನ್‌ಲೈನ್‌ನಲ್ಲಿ ಓದುತ್ತಿದ್ದವರು ಶೇ. 8, ಏನೂ ಓದದೇ ಇದ್ದವರು ಶೇ. 37. ನಗರದ ಬಡ ಬಡಾವಣೆಗಳಲ್ಲೂ ನಿಯಮಿತವಾಗಿ ಓದುತ್ತಿದ್ದವರು ಶೇ. 24 ಮಾತ್ರ. ಸುಳ್ಯದ ಕಡೆ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಫೋಟೋ ನೀವೂ ನೋಡಿರುತ್ತೀರಿ. ನಾವೆಲ್ಲ ಅದನ್ನು ತಂದೆಯ ಪ್ರೀತಿ ಎಂದು ಹಂಚಿಕೊಂಡೆವು. ಅದು ಒಂದು ವ್ಯವಸ್ಥೆ ಕೈಕೊಟ್ಟ ಚಿತ್ರವೂ ಆಗಿತ್ತು.

ಇನ್ನು ವಿಜ್ಞಾನದ ಮಾತು. ಡೆನ್ಮಾರ್ಕ್ 2020ರ ಏಪ್ರಿಲ್‌ನಲ್ಲೇ ಶಾಲೆ ತೆರೆಯಿತು, ಅದೂ ಚಿಕ್ಕ ಮಕ್ಕಳಿಗೆ ಮೊದಲು. ಸ್ವೀಡನ್ ಪ್ರಾಥಮಿಕ ಶಾಲೆಗಳನ್ನು ಮುಚ್ಚಲೇ ಇಲ್ಲ. ಅವು ನಮ್ಮಂಥ ಕಿಕ್ಕಿರಿದ ತರಗತಿಗಳ ದೇಶಗಳಲ್ಲ, ಅಲ್ಲಿಯದನ್ನು ಇಲ್ಲಿ ನಕಲು ಮಾಡಲಾಗದು, ಒಪ್ಪೋಣ. ಆದರೆ 2021ರ ಜುಲೈನಲ್ಲಿ ನಮ್ಮದೇ ಐಸಿಎಂಆರ್ ನಾಲ್ಕನೇ ಸೀರೋ ಸಮೀಕ್ಷೆಯ ಫಲಿತಾಂಶ ಕೊಟ್ಟಿತು. ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ. 57.2 ಮಂದಿಯಲ್ಲಿ ಆಗಲೇ ಪ್ರತಿಕಾಯಗಳಿದ್ದವು. ಶಾಲೆ ಮುಚ್ಚಿದ್ದರೂ ವೈರಸ್ ಮನೆಗೆ ಬಂದು ಹೋಗಿತ್ತು. ಚಿಕ್ಕ ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತಾರೆ, ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯಬಹುದು ಎಂದು ಅದರ ಮುಖ್ಯಸ್ಥ ಡಾ. ಬಲರಾಮ್ ಭಾರ್ಗವ ಹೇಳಿದರು. ಸಿಬ್ಬಂದಿಗೆಲ್ಲ ಲಸಿಕೆ ಆಗಿರಬೇಕು ಎಂಬ ಷರತ್ತೂ ಅದರಲ್ಲಿತ್ತು.

ನಾವು ಮಾಡಿದ್ದು ತದ್ವಿರುದ್ಧ. ಕರ್ನಾಟಕದಲ್ಲಿ 2021ರ ಆಗಸ್ಟ್ 23ಕ್ಕೆ ಒಂಬತ್ತರಿಂದ ಹನ್ನೆರಡು, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು, ಕೊನೆಗೆ ಅಕ್ಟೋಬರ್ 25ಕ್ಕೆ ಒಂದರಿಂದ ಐದು. ಮಹಾರಾಷ್ಟ್ರದಲ್ಲಿ ರೆಸ್ಟೋರೆಂಟು, ಬಾರುಗಳು ಅರ್ಧ ಆಸನಗಳೊಂದಿಗೆ 2020ರ ಅಕ್ಟೋಬರ್‌ನಲ್ಲೇ ಮೊದಲ ಸಲ ತೆರೆದಿದ್ದವು. ಪುಣೆಯ ಒಂದನೇ ತರಗತಿ ತೆರೆದದ್ದು 2021ರ ಡಿಸೆಂಬರ್ 16ಕ್ಕೆ. ಪರೀಕ್ಷೆ ಇರುವವರು ಮೊದಲು, ಅಕ್ಷರ ಕಲಿಯುವವರು ಕೊನೆಗೆ. ತಾನೇ ಓದಿಕೊಳ್ಳಬಲ್ಲ ಹದಿನಾರರ ಹುಡುಗನಿಗೆ ಮೊದಲು ಬಾಗಿಲು ತೆರೆದು, ಕೈಹಿಡಿದು ತಿದ್ದಿಸಬೇಕಾದ ಆರರ ಮಗುವನ್ನು ಸ್ಕ್ರೀನಿನ ಮುಂದೆ ಬಿಟ್ಟೆವು.

ಆ ಡಿಸೆಂಬರ್‌ನಲ್ಲಿ ಶಾಲೆಯಿಂದ ಪಾಲಕರ ಒಪ್ಪಿಗೆ ಪತ್ರ ಬಂತು. ಸಹಿ ಹಾಕಿದವರ ಮಕ್ಕಳು ತರಗತಿಗೆ, ಹಾಕದವರು ಮನೆಯಿಂದ. ಸರ್ಕಾರ ಎರಡು ವರ್ಷ ತೀರ್ಮಾನಿಸಲು ಒದ್ದಾಡಿದ್ದನ್ನು ಒಂದು ಹಾಳೆಯಲ್ಲಿ ನಮ್ಮ ತಲೆಗೆ ಕಟ್ಟಿದ ಹಾಗಿತ್ತು. ಅತ್ತೆಯವರಿಗೆ ಎಪ್ಪತ್ತೆರಡು, ಸಕ್ಕರೆ ಕಾಯಿಲೆ. ಓಮಿಕ್ರಾನ್ ಸುದ್ದಿ ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರು ಬೇಡ ಎಂದರು, ನಾನು ಕಳಿಸೋಣ ಎಂದೆ. ಎರಡು ದಿನ ಮನೆಯಲ್ಲಿ ಮಾತು ಕಮ್ಮಿಯಾಯಿತು. ಮೂರನೇ ದಿನ ಅತ್ತೆಯವರೇ ಹೇಳಿದರು: "ನನ್ನ ಸಲುವಾಗಿ ಕೂಸಿನ ಸಾಲಿ ಬಿಡಸಬ್ಯಾಡ. ನಾ ಎರಡೂ ಸೂಜಿ ಮಾಡಿಸ್ಕೊಂಡೀನಿ. ಒಂದನೇತ್ತೆ ಹೆಂಗೂ ಹೋತು, ಎರಡನೇತ್ತೆರ ಕಾಣಲಿ." ಸಹಿ ಹಾಕಿದೆವು. ಮೂರು ವಾರ ಹೋದಳು, ಜನವರಿಯಲ್ಲಿ ಮತ್ತೆ ಬಂದ್, ಫೆಬ್ರವರಿ 1ಕ್ಕೆ ಮತ್ತೆ ಶುರು. ಅತ್ತೆಯವರಿಗೆ ಏನೂ ಆಗಲಿಲ್ಲ. ಆಗಿದ್ದರೆ ಈ ಲೇಖನ ಬೇರೆ ಥರ ಇರುತ್ತಿತ್ತು ಎಂಬುದು ನನಗೆ ಗೊತ್ತು. ಹಾಗಾಗಿಯೇ ಸಹಿ ಹಾಕದ ಮನೆಗಳನ್ನು ನಾನು ದೂರುವುದಿಲ್ಲ.

ನಷ್ಟದ ಲೆಕ್ಕ ಆಮೇಲೆ ಬಂತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿತ್ತು. ಶೇ. 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು, ಶೇ. 82 ಮಕ್ಕಳು ಒಂದು ಗಣಿತ ಸಾಮರ್ಥ್ಯವನ್ನು ಮರೆತಿದ್ದರು. ಗ್ರಾಮೀಣ ಭಾರತದ ಅಸರ್ ವರದಿಗಳಲ್ಲಿ, ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ಶೇ. 27.3 ಇದ್ದದ್ದು 2022ಕ್ಕೆ ಶೇ. 20.5ಕ್ಕೆ ಇಳಿಯಿತು. 2024ಕ್ಕೆ ಮತ್ತೆ ಶೇ. 27.1. "ನೋಡಿ, ಎಲ್ಲ ಸರಿಹೋಯಿತು" ಎನ್ನುವವರಿದ್ದಾರೆ. ಆದರೆ 2024ರಲ್ಲಿ ಮೂರನೇ ತರಗತಿಯಲ್ಲಿದ್ದವರು ಕೋವಿಡ್ ವೇಳೆ ಇನ್ನೂ ಶಾಲೆಗೇ ಸೇರಿರದ ಮಕ್ಕಳು. 2022ರ ಆ ಮಕ್ಕಳು ನನ್ನ ಮಗಳ ಓರಗೆಯವರು. ಅವರು ಮುಂದಿನ ತರಗತಿಗಳಿಗೆ ಹೋಗಿಬಿಟ್ಟಿದ್ದಾರೆ, ಬಿಟ್ಟುಹೋದ ಅಕ್ಷರಗಳನ್ನು ಬೆನ್ನಿಗೆ ಕಟ್ಟಿಕೊಂಡು. ಯಾದಗಿರಿಯ ಆ ಕುಟುಂಬದ ಕಿರಿಯವನು ಈಗ ಶಾಲೆಯಲ್ಲಿದ್ದಾನೆ. ಹಿರಿಯವನು ವಾಪಸು ಹೋಗಲೇ ಇಲ್ಲ, ಅಪ್ಪನ ಜೊತೆ ಟೈಲ್ಸ್ ಕೆಲಸಕ್ಕೆ ಹೋಗುತ್ತಾನೆ.

ಕೋವಿಡ್ ಮುಗಿಯಿತಲ್ಲ, ಈಗೇಕೆ ಈ ಮಾತು ಎನ್ನಬೇಡಿ. ದೆಹಲಿಯ ಓದುಗರಿಗೆ ಇದು ಪ್ರತಿ ನವೆಂಬರ್‌ನ ಮಾತು. 2024ರಲ್ಲಿ ಹೊಗೆ ಹೆಚ್ಚಾಗಿ ತರಗತಿಗಳು ಆನ್‌ಲೈನ್ ಆದಾಗ ಸುಪ್ರೀಂ ಕೋರ್ಟ್ ಗಮನಿಸಿದ್ದೂ ಇದನ್ನೇ: ಬಹಳ ಮಕ್ಕಳಿಗೆ ಬಿಸಿಯೂಟ ತಪ್ಪುತ್ತಿದೆ, ಆನ್‌ಲೈನ್ ಸೌಲಭ್ಯವಿಲ್ಲ, ಮನೆಯಲ್ಲಿ ಏರ್ ಪ್ಯೂರಿಫೈಯರ್ ಇಲ್ಲದ ಮಗು ಮನೆಯಲ್ಲಿದ್ದರೂ ಅದೇ ಗಾಳಿ. ಜೋರು ಮಳೆಗೂ, ಬಿಸಿಲಿಗೂ ಈಗ "ಆನ್‌ಲೈನ್ ಮಾಡಿ" ಎಂಬ ಮಾತು ಸಲೀಸಾಗಿ ಬಾಯಿಗೆ ಬರುತ್ತದೆ. ಗುಂಡಿ ಒತ್ತಿದರೆ ಪಾಠ ಶುರುವಾಗುವ ಮನೆಗಳಲ್ಲಿ ಇರುವವರು ನಾವು, ಹಾಗಾಗಿ ಮೊದಲು ಬರುವುದು ನಮ್ಮ ಬಾಯಿಗೇ.

ಮುಚ್ಚಲೇಬೇಕಾದ ದಿನಗಳು ಮುಂದೆಯೂ ಬರಬಹುದು. ಆಗ ಮೊದಲು ಮುಚ್ಚುವುದು ಶಾಲೆಯಾಗದಿರಲಿ, ಮೊದಲು ತೆರೆಯುವುದು ಚಿಕ್ಕ ತರಗತಿಗಳಾಗಲಿ, ಶಿಕ್ಷಕರ ರಕ್ಷಣೆ ಮೊದಲ ದಿನದ ಕೆಲಸವಾಗಲಿ, ಊಟ ಒಂದು ದಿನವೂ ನಿಲ್ಲದಿರಲಿ. ನಮ್ಮಲ್ಲಿ ಅನೇಕರು ಪಾಲಕ ಸಂಘಗಳಲ್ಲಿ, ಸೊಸೈಟಿ ಕಮಿಟಿಗಳಲ್ಲಿ, ಕನ್ನಡ ಸಂಘಗಳಲ್ಲಿ ಇದ್ದೇವೆ. ಮುಂದಿನ ಸಲ ರಜೆಯ ನೋಟಿಸ್ ಬಂದಾಗ ನಮ್ಮ ಮಗುವಿನ ಲಾಗಿನ್ ಸಿದ್ಧವಿದೆಯೇ ಎಂದು ನೋಡಿಕೊಂಡ ಮೇಲೆ ಇನ್ನೊಂದು ಪ್ರಶ್ನೆ ಕೇಳೋಣ: ಫೋನು ಅಪ್ಪನ ಕಿಸೆಯಲ್ಲಿರುವ ಮಗುವಿಗೆ ಇವತ್ತು ಪಾಠ ಹೇಳುವವರು ಯಾರು?