ಏಳು ಸೀಟಿನ ಗಾಡಿ: ಜನ ಕುಳಿತ ಮೇಲೆ ಸಾಮಾನು ಎಲ್ಲಿ?

ಮೇ ತಿಂಗಳ ರಜೆ, ಚೌತಿ, ಊರಿನ ನೇಮ, ಬಂಧುಗಳ ಮದುವೆ ಎಂದು ಮುಂಬಯಿಯಿಂದ ಸ್ವಂತ ಗಾಡಿಯಲ್ಲೇ ಊರಿಗೆ ಹೊರಡುವ ತುಳು-ಕನ್ನಡಿಗ ಕುಟುಂಬಗಳು ಅನೇಕ. ಅಜ್ಜ, ಅಜ್ಜಿ, ಮಕ್ಕಳೆಲ್ಲ ಒಂದೇ ಗಾಡಿಯಲ್ಲಿ ಹೋಗಬೇಕೆಂದಾಗ ಮೂರು ಸಾಲಿನ ಎಸ್‌ಯುವಿಯ ಮಾತು ಬರುವುದು ಸಹಜ. ಆದರೆ ಶೋರೂಮಿನಲ್ಲಿ ಎಲ್ಲರೂ ಮುಂದಿನ ಸೀಟಿನಲ್ಲಿ ಕುಳಿತು ನೋಡುತ್ತಾರೆಯೇ ಹೊರತು ಕೊನೆಯ ಸಾಲಿಗೆ ಹತ್ತಿ ನೋಡುವವರು ಕಡಿಮೆ.

ಪುಣೆಯಲ್ಲಿ ತಯಾರಾಗುವ ಟಾಟಾ ಸಫಾರಿಯನ್ನೇ ನೋಡಬಹುದು. 1998ರಲ್ಲಿ ಬಂದ ಹಳೆಯ ಸಫಾರಿಯ ಹೆಸರನ್ನು ಕಂಪೆನಿಯು 2021ರಲ್ಲಿ ಹೊಸ ಗಾಡಿಗೆ ಇಟ್ಟಿತು. ಹೆಸರು ಒಂದೇ ಆದರೂ ಗಾಡಿ ಬೇರೆ. ಹಳೆಯದರಲ್ಲಿ ಹಿಂದೆ ಕುಳಿತವರು ಎದುರುಬದುರಾಗಿ ಅಡ್ಡ ಕೂರಬೇಕಿತ್ತು. ಹೊಸದರಲ್ಲಿ ಮೂರನೇ ಸಾಲೂ ಮುಂದಕ್ಕೆ ಮುಖ ಮಾಡಿದೆ, ಎ.ಸಿ. ಗಾಳಿಯೂ ಅಲ್ಲಿಗೆ ಬರುತ್ತದೆ. ಹಳೆಯದರಲ್ಲಿ ಸಿಗುತ್ತಿದ್ದ ನಾಲ್ಕು ಚಕ್ರಗಳ ಚಾಲನೆ ಮಾತ್ರ ಇದಕ್ಕೆ ಬರಲಿಲ್ಲ. ಎಂಜಿನ್ ಬಲವೆಲ್ಲ ಮುಂದಿನ ಚಕ್ರಗಳಿಗೇ ಹೋಗುತ್ತದೆ. ಡಾಮರು ರಸ್ತೆಯಲ್ಲಿ ಊರಿಗೆ ಹೋಗಿ ಬರುವವರಿಗೆ ಇದರಿಂದ ನಷ್ಟವೇನಿಲ್ಲ.

ಮುಂಬಯಿ-ಗೋವಾ ಹೆದ್ದಾರಿಯ ಚತುಷ್ಪಥ ಕಾಮಗಾರಿ 2011ರಿಂದ ವರ್ಷಗಟ್ಟಲೆ ಎಳೆದ ಕಾರಣ ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ ದಾರಿಯಾಗಿ ಅಂಕೋಲಾಕ್ಕೆ ಇಳಿಯುವುದು ಹಲವರಿಗೆ ರೂಢಿಯಾಗಿದೆ. ಮರಳುವಾಗ ತುಂಬಿದ ಗಾಡಿ ಅರಬೈಲ್ ಘಾಟ್ ಏರಬೇಕು. ಸಫಾರಿಯ 2 ಲೀಟರ್ ಡೀಸೆಲ್ ಎಂಜಿನ್ನಿನ ಶಕ್ತಿ 170 ಪಿಎಸ್. ಲಾರಿಯ ಹಿಂದೆ ನಿಧಾನಕ್ಕೆ ಏರುವಾಗ ಲೆಕ್ಕಕ್ಕೆ ಬರುವುದು ಅದಲ್ಲ, 350 ಎನ್‌ಎಂ ಎಳೆತ. ಅದು 1750 ಸುತ್ತಿನಲ್ಲೇ ದೊರೆಯುವುದರಿಂದ ಪದೇ ಪದೇ ಗೇರ್ ಬದಲಿಸುವ ಕಷ್ಟ ಕಡಿಮೆ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಡೆಸಿದ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೂ ಮಕ್ಕಳ ಸುರಕ್ಷತೆಗೂ ಐದೈದು ತಾರೆ ದೊರೆತಿರುವುದು ಗಮನಾರ್ಹ. ಹಿಂದಿನ ಸೀಟಿನವರು ಬೆಲ್ಟ್ ಕಟ್ಟದಿದ್ದರೆ ಆ ತಾರೆಗಳಿಗೆ ಅರ್ಥವಿಲ್ಲ ಎಂಬುದು ಬೇರೆ ಮಾತು.

ಇನ್ನು ಸಾಮಾನಿನ ವಿಷಯ. 2021ರ ಮಾದರಿಯಲ್ಲಿ ಮೂರನೇ ಸಾಲು ಮಡಚಿದರೆ ಡಿಕ್ಕಿಯಲ್ಲಿ 447 ಲೀಟರ್ ಜಾಗ. ಏಳೂ ಸೀಟು ಎತ್ತಿಟ್ಟರೆ ಉಳಿಯುವುದು ಬರೀ 73 ಲೀಟರ್! ಎರಡು ಮೂರು ಕೈಚೀಲ ಇಟ್ಟರೆ ಮುಗಿಯಿತು. ಊರಿನಿಂದ ಬರುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ ತಾರದ ಮನೆ ಯಾವುದು? ಹ್ಯುಂಡೈ ಅಲ್ಕಜಾರ್‌ನಲ್ಲಿ ಈ ಜಾಗ 180 ಲೀಟರ್. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನಲ್ಲಿ 300 ಲೀಟರ್. ಅದಕ್ಕೆ ಎಸ್‌ಯುವಿಯ ಗತ್ತು ಅಷ್ಟಿಲ್ಲ ಎನ್ನುವವರಿದ್ದಾರೆ, ಆದರೆ ನಿಜವಾಗಿ ಏಳು ಜನ ಹೋಗುವ ಮನೆಗೆ ಅದೇ ಹೆಚ್ಚು ಒಪ್ಪುತ್ತದೆ.

ನಾಲ್ವರು ದೊಡ್ಡವರು, ಇಬ್ಬರು ಮಕ್ಕಳಿರುವ ಮನೆಗೆ ಸಫಾರಿಯ ಆರು ಸೀಟಿನ ಮಾದರಿ ಅನುಕೂಲ. ನಡುವಿನ ಎರಡು ಸೀಟುಗಳ ಸಂದಿಯಿಂದ ಮಕ್ಕಳು ಹಿಂದಕ್ಕೆ ನುಸುಳಬಹುದು. ಮೊಣಕಾಲು ನೋವಿನ ಹಿರಿಯರನ್ನು ಮಾತ್ರ ಅಲ್ಲಿ ಕೂರಿಸಬಾರದು. ನೆಲ ಎತ್ತರವಾಗಿದ್ದು ಮೊಣಕಾಲು ಮೇಲೆದ್ದೇ ಇರುತ್ತದೆ.

ಟೆಸ್ಟ್ ಡ್ರೈವ್‌ಗೆ ಮನೆಮಂದಿಯೆಲ್ಲ ಎರಡು ದೊಡ್ಡ ಸೂಟ್‌ಕೇಸ್ ಸಮೇತ ಹೋಗುವುದೊಳಿತು. ಹೊರಡುವ ಮುನ್ನ ಸೊಸೈಟಿಯ ಪಾರ್ಕಿಂಗ್ ಜಾಗವನ್ನೂ ಟೇಪು ಹಿಡಿದು ಅಳೆದಿರಬೇಕು. 2021ರ ಸಫಾರಿಯ ಉದ್ದ 4.66 ಮೀಟರ್, ಅಗಲ 1.89 ಮೀಟರ್, ಬಾಗಿಲು ತೆರೆಯುವುದಕ್ಕೆ ಬೇಕಾದ ಜಾಗ ಬೇರೆ.